ಅಂಗಳದ ಹೂಕುಂಡ, ಕಾಡಿನ ಅಂಚು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಕಾಡು, ನದಿ, ಆನೆ, ಅಣೆಕಟ್ಟುಗಳ ಕುರಿತು ಚರ್ಚೆ ನಡೆಯುವ ವೇದಿಕೆಯಲ್ಲಿ ಹೂಕುಂಡದ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಹೂಕುಂಡವೆಂಬುದು ಮನೆಯವರ ಹವ್ಯಾಸ, ಅದರಿಂದ ಲೋಕಕ್ಕೆ ಕೇಡೂ ಇಲ್ಲ, ಹೇಳಿಕೊಳ್ಳುವಂತಹ ಉಪಕಾರವೂ ಇಲ್ಲ ಎಂಬುದು ಸಾಮಾನ್ಯ ಭಾವನೆ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಮಟ್ಟಿಗಾದರೂ ಈ ಭಾವನೆಯನ್ನು ಪರೀಕ್ಷಿಸಿ ನೋಡಬೇಕಾಗಿದೆ. ಈ ನಾಲ್ಕರಲ್ಲಿ ಮೂರು ತಾಲ್ಲೂಕುಗಳ ಪಶ್ಚಿಮದ ಗಡಿ ನಾಗರಹೊಳೆಯ ಕಾಡಿಗೆ ತಗುಲಿಕೊಂಡಿದೆ. ನಾಲ್ಕನೆಯದಾದ ಕೃಷ್ಣರಾಜನಗರದಲ್ಲಿ ಕಾವೇರಿಯೂ ಅದರ ನಾಲೆಗಳೂ ಊರೂರನ್ನು ಹಾದುಹೋಗುತ್ತವೆ. ಇಂತಹ ನೆಲದಲ್ಲಿ ಅಂಗಳದಲ್ಲಿಟ್ಟ ಗಿಡವು ಅಂಗಳದಲ್ಲಿಯೇ ಉಳಿಯುತ್ತದೆಂಬ ಭರವಸೆಯಿಲ್ಲ.

ಹಿಂದೆ ಈ ಸೀಮೆಯ ಮನೆಗಳ ಮುಂದೆ ತುಳಸಿಕಟ್ಟೆ, ಹಿತ್ತಲಿನಲ್ಲಿ ಕನಕಾಂಬರ, ಮಲ್ಲಿಗೆ, ಬಸಳೆ, ದೊಡ್ಡಪತ್ರೆಗಳು ನೆಲದಲ್ಲಿಯೇ ಬೆಳೆಯುತ್ತಿದ್ದವು. ಹೆಂಚಿನ ಮನೆಗಳ ಸ್ಥಾನವನ್ನು ತಾರಸಿ ಮನೆಗಳು ಪಡೆದ ಮೇಲೆ ಅಂಗಳಕ್ಕೆ ಸಿಮೆಂಟು ಬಂದಿತು, ಗಿಡಗಳು ಕುಂಡಗಳಿಗೆ ಏರಿದವು. ದಸರೆಯ ವೇಳೆಗೆ ಮೈಸೂರಿನ ಕುಪ್ಪಣ್ಣ ಉದ್ಯಾನದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನವನ್ನು ನೋಡಿ ಬಂದವರು ಒಂದೆರಡು ಹೊಸ ಗಿಡಗಳನ್ನು ಕೊಳ್ಳದೆ ಹಿಂದಿರುಗುವುದು ಅಪರೂಪ. ಇದು ಸಂತೋಷದ ಸಂಗತಿಯೇ ಹೌದು. ಹೂವಿನ ಮೇಲಿನ ಪ್ರೀತಿಯನ್ನು ತಪ್ಪೆನ್ನಲಾಗದು. ಪ್ರಶ್ನೆಯಿರುವುದು ಕುಂಡದ ಭದ್ರತೆಯನ್ನು ಕುರಿತು. ಭದ್ರತೆ ಎಂಬ ಮಾತಿಗೆ ಇಲ್ಲಿ ಮೂರು ಅರ್ಥಗಳಿವೆ: ಕುಂಡವು ಉರುಳಬಾರದು, ಕುಂಡದ ನೀರು ರೋಗಕ್ಕೆ ತವರಾಗಬಾರದು, ಕುಂಡದ ಗಿಡವು ಕಾಡಿಗೆ ನುಸುಳಬಾರದು. ಮೊದಲನೆಯದು ಮನೆಗೆ, ಎರಡನೆಯದು ಊರಿಗೆ, ಮೂರನೆಯದು ಕಾಡಿಗೆ ಸಂಬಂಧಿಸಿದ್ದು. ಮೊದಲೆರಡನ್ನು ಅಲಕ್ಷಿಸಿದರೆ ಆಗುವ ಹಾನಿ ಕಣ್ಣಿಗೆ ಬೇಗನೆ ಬೀಳುತ್ತದೆ. ಮೂರನೆಯದನ್ನು ಅಲಕ್ಷಿಸಿದರೆ ಆಗುವ ಹಾನಿ ಮೊಮ್ಮಕ್ಕಳ ಕಾಲಕ್ಕೆ ಕಾಣಿಸುತ್ತದೆ.

ತುಳಸಿಕಟ್ಟೆಯ ಪಾಠ

ಭದ್ರವಾದ ಕುಂಡಕ್ಕೆ ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ತುಳಸಿಕಟ್ಟೆಯನ್ನು ಒಮ್ಮೆ ಗಮನವಿಟ್ಟು ನೋಡಿದರೆ ಸಾಕು. ಅದರ ಪೀಠ ಅಗಲ, ಮೇಲ್ಭಾಗ ಕಿರಿದು. ಅದು ನೆಲಕ್ಕೆ ಕೂಡಿಕೊಂಡಿರುವುದರಿಂದ ಗಾಳಿಗೂ ದನಕ್ಕೂ ಜಗ್ಗುವುದಿಲ್ಲ. ಎರೆದ ನೀರು ಮಣ್ಣಿನೊಳಗೆ ಇಳಿದು ಹೋಗುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಅದರಲ್ಲಿ ನೆಟ್ಟ ಗಿಡವು ಈ ನೆಲದ್ದೇ ಆಗಿದೆ. ದಿನವೂ ಮನೆಯವರು ಅದರ ಬಳಿ ನಿಂತು ನೋಡುವುದರಿಂದ ಎಲೆ ಬಾಡಿದರೂ, ಕಟ್ಟೆ ಬಿರುಕು ಬಿಟ್ಟರೂ ಒಡನೆ ತಿಳಿಯುತ್ತದೆ. ಭಕ್ತಿಗಾಗಿ ಕಟ್ಟಿದ ಈ ಪುಟ್ಟ ರಚನೆಯಲ್ಲಿ ಕುಂಡವೊಂದಕ್ಕೆ ಬೇಕಾದ ಲಕ್ಷಣಗಳೆಲ್ಲವೂ ಅಡಗಿವೆ. ಇಂದಿನ ಅಲಂಕಾರದ ಕುಂಡಗಳಾದರೋ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿವೆ: ತಳ ಕಿರಿದು, ಬಾಯಿ ಅಗಲ, ಕೆಳಗೆ ನೀರು ನಿಲ್ಲುವ ತಟ್ಟೆ, ಒಳಗೆ ಹೆಸರು ತಿಳಿಯದ ಗಿಡ.

ಉರುಳದ ಕುಂಡ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಕೇಳದವರಿಲ್ಲ. ಈಗಿನ ಕಾಲದಲ್ಲಿ ದೊಣ್ಣೆಯ ಕೆಲಸವನ್ನು ಗಾಳಿ ಮಾಡುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಗುಡುಗಿನ ಮಳೆಯ ಮುನ್ನ ಬೀಸುವ ಬಿರುಗಾಳಿ, ಜೂನ್ ಮತ್ತು ಜುಲೈನಲ್ಲಿ ಪಶ್ಚಿಮದಿಂದ ಬಿಡದೆ ಬೀಸುವ ಮುಂಗಾರಿನ ಗಾಳಿ, ಇವೆರಡೂ ತಾರಸಿಯ ಮೇಲಿನ ಕುಂಡಗಳಿಗೆ ಪರೀಕ್ಷೆಯ ಕಾಲ.

ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿ ನೋಡಬಹುದು. ಬಾಯಿಯ ಅಗಲ 30 ಸೆಂ.ಮೀ., ತಳದ ಅಗಲ 20 ಸೆಂ.ಮೀ., ಎತ್ತರ 28 ಸೆಂ.ಮೀ. ಇರುವ ಮಣ್ಣಿನ ಕುಂಡವೊಂದು ಸುಮಾರು 14 ಲೀಟರ್ ಹಿಡಿಯುತ್ತದೆ. ಒದ್ದೆ ಮಣ್ಣು ತುಂಬಿದ ಮೇಲೆ ಅದರ ತೂಕ ಸುಮಾರು 25 ಕೆ.ಜಿ. ಆಗುತ್ತದೆ. ಅದರಲ್ಲಿ ಒಂದು ಮೀಟರ್ ಎತ್ತರ, ಅರ್ಧ ಮೀಟರ್ ಅಗಲದ ಗಿಡವಿದೆಯೆಂದು ಭಾವಿಸೋಣ. ಗಂಟೆಗೆ 60 ಕಿ.ಮೀ. ವೇಗದ ಗಾಳಿಯು ಪ್ರತಿ ಚದರ ಮೀಟರಿಗೆ ಸುಮಾರು 17 ಕೆ.ಜಿ. ತೂಕಕ್ಕೆ ಸಮನಾದ ಒತ್ತಡ ಹೇರುತ್ತದೆ. ಎಲೆಗಳು ಬಾಗಿ ಅರ್ಧದಷ್ಟು ಗಾಳಿಯನ್ನು ಬಿಟ್ಟುಕೊಟ್ಟರೂ ಗಿಡದ ಮೇಲೆ ಸುಮಾರು 4 ಕೆ.ಜಿ. ಒತ್ತಡ ಉಳಿಯುತ್ತದೆ. ಆ ಒತ್ತಡವು ನೆಲದಿಂದ ಸುಮಾರು 70 ಸೆಂ.ಮೀ. ಎತ್ತರದಲ್ಲಿ ಕೆಲಸ ಮಾಡುತ್ತದೆ. ಹೀಗಾಗಿ ಉರುಳಿಸುವ ಪ್ರಯತ್ನ 4ನ್ನು 70ರಿಂದ ಗುಣಿಸಿದಷ್ಟು, ಎಂದರೆ 280. ತಡೆಯುವ ಶಕ್ತಿಯಾದರೋ ಕುಂಡದ ತೂಕ 25ನ್ನು ತಳದ ಅರ್ಧ ಅಗಲ 10ರಿಂದ ಗುಣಿಸಿದಷ್ಟು, ಎಂದರೆ 250 ಮಾತ್ರ. ಕುಂಡ ಉರುಳುತ್ತದೆ. ಬೇಸಗೆಯಲ್ಲಿ ಮಣ್ಣು ಒಣಗಿ ತೂಕ ಇಳಿದಿದ್ದರೆ ಇನ್ನೂ ಬೇಗನೆ ಉರುಳುತ್ತದೆ. ಅದೇ ಕುಂಡವನ್ನು 40 ಸೆಂ.ಮೀ. ಅಗಲದ ಚಪ್ಪಡಿಯ ಮೇಲಿಟ್ಟು ಅಲುಗದಂತೆ ಕೂಡಿಸಿದರೆ ತಡೆಯುವ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಭದ್ರತೆಯ ಗುಟ್ಟು ಕುಂಡದ ಬೆಲೆಯಲ್ಲಿಲ್ಲ, ತಳದ ಅಗಲದಲ್ಲಿದೆ.

ಒಂದನೆಯ ಮಹಡಿಯ ತಾರಸಿಯಿಂದ, ಎಂದರೆ ಸುಮಾರು ಮೂರೂವರೆ ಮೀಟರ್ ಎತ್ತರದಿಂದ ಬಿದ್ದ ಕುಂಡವು ನೆಲ ಮುಟ್ಟುವಾಗ ಗಂಟೆಗೆ 30 ಕಿ.ಮೀ. ವೇಗ ಪಡೆದಿರುತ್ತದೆ. 25 ಕೆ.ಜಿ. ತೂಕದ ವಸ್ತುವೊಂದು ಆ ವೇಗದಲ್ಲಿ ಎರಗಿದರೆ ಕೆಳಗೆ ಆಡುತ್ತಿರುವ ಮಗುವಿನ ಗತಿಯೇನೆಂಬುದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಪ್ಯಾರಪೆಟ್ ಗೋಡೆಯ ನೆತ್ತಿಯ ಮೇಲೆ, ಸಜ್ಜೆಯ ತುದಿಯಲ್ಲಿ, ಕಿಟಕಿಯ ಹೊರಚಾಚಿನಲ್ಲಿ ಕುಂಡವನ್ನು ಇಡಲೇಬಾರದು. ಇದಕ್ಕೆ ಯಾವ ವಿನಾಯಿತಿಯೂ ಇಲ್ಲ. ಸಜ್ಜೆಯನ್ನು ಕಟ್ಟುವುದು ಮಳೆ ಬಿಸಿಲುಗಳನ್ನು ತಡೆಯಲಿಕ್ಕೇ ಹೊರತು ಭಾರ ಹೊರಲಿಕ್ಕಲ್ಲ. ತಾರಸಿಯಲ್ಲಿ ಭಾರವಾದ ಕುಂಡಗಳನ್ನು ನಡುವೆ ಇಡದೆ, ಕೆಳಗೆ ಗೋಡೆ ಅಥವಾ ತೊಲೆ ಇರುವೆಡೆ, ಪ್ಯಾರಪೆಟ್ ಗೋಡೆಯ ಒಳಬದಿಗೆ ಒತ್ತಿ ಇಡುವುದು ಲೇಸು.

ನೆಲದ ಮೇಲಿನ ಕುಂಡಗಳಿಗೆ ಸುಲಭವಾದ ಉಪಾಯಗಳಿವೆ. ಮಣ್ಣಿನ ಅಂಗಳವಿದ್ದರೆ ಕುಂಡದ ಮೂರನೆಯ ಒಂದು ಭಾಗವನ್ನು ನೆಲದಲ್ಲಿ ಹೂಳಬಹುದು. ಇದರಿಂದ ಬೇರಿಗೆ ತಂಪೂ ದೊರೆಯುತ್ತದೆ. ಸಿಮೆಂಟಿನ ಅಂಗಳವಾದರೆ, ಕೊಡವನ್ನು ಹೊರುವಾಗ ತಲೆಯ ಮೇಲೆ ಸಿಂಬಿಯನ್ನಿಡುವಂತೆ ಕುಂಡದ ಕೆಳಗೂ ತೆಂಗಿನ ನಾರಿನ ಹಗ್ಗವನ್ನು ದಪ್ಪವಾಗಿ ಸುತ್ತಿದ ಸಿಂಬಿಯನ್ನಿಟ್ಟು, ಸುತ್ತ ನಾಲ್ಕು ಇಟ್ಟಿಗೆಗಳನ್ನು ಒತ್ತಿ ನಿಲ್ಲಿಸಬಹುದು. ಎತ್ತರದ ಗಿಡವಿರುವ ಕುಂಡದ ಕೊರಳಿಗೆ ಜಿ.ಐ. ತಂತಿ ಬಿಗಿದು ಗೋಡೆಯ ಕೊಕ್ಕೆಗೋ ಭದ್ರವಾದ ಗೂಟಕ್ಕೋ ಕಟ್ಟಬೇಕು. ಗಿಡವನ್ನು ಕಟ್ಟುವುದಾದರೆ ತಂತಿ ಸಲ್ಲದು, ಕಾಂಡವನ್ನು ಕೊಯ್ಯದಂತೆ ಬಟ್ಟೆಯ ಪಟ್ಟಿ ಬಳಸಬೇಕು. ಬಿಡಿಬಿಡಿಯಾಗಿಟ್ಟ ಕುಂಡಗಳಿಗಿಂತ ಒತ್ತಾಗಿ ಗುಂಪುಗೂಡಿಸಿ, ಎತ್ತರದವನ್ನು ನಡುವೆಯೂ ಗಿಡ್ಡವನ್ನು ಸುತ್ತಲೂ ಇಟ್ಟ ಕುಂಡಗಳು ಗಾಳಿಯನ್ನು ಚೆನ್ನಾಗಿ ತಡೆಯುತ್ತವೆ. ಮಂಗಗಳ ಹಾವಳಿಯಿರುವ ಊರುಗಳಲ್ಲಿಯೂ ಇದೇ ಕ್ರಮ ಉಪಯುಕ್ತ. ತೂಗುಹಾಕಿದ ಕುಂಡಗಳು ಮಂಗಗಳಿಗೆ ಆಟಿಕೆಗಳಾಗುತ್ತವೆ.

ಕುಂಡದ ಅಡಿಯ ತಂಪಿಗೆ ಕಪ್ಪೆ, ಚೇಳುಗಳು ಸೇರುತ್ತವೆ, ಕಪ್ಪೆಯನ್ನರಸಿ ಹಾವು ಬರುತ್ತದೆ. ಕತ್ತಲಲ್ಲಿ ಕುಂಡವನ್ನು ಸರಿಸಬಾರದು. ಹಗಲಿನಲ್ಲಿಯೂ ಕುಂಡವನ್ನು ತನ್ನ ಕಡೆಗೆ ವಾಲಿಸಿಕೊಂಡು, ತೆರೆದ ಅಡಿಭಾಗ ಆಚೆಗಿರುವಂತೆ ಎತ್ತಬೇಕು. ಹಾಗೆ ಎತ್ತಿದರೆ ಒಳಗಿನ ಜೀವಿ ಎದುರು ದಿಕ್ಕಿಗೆ ಹರಿದು ಹೋಗುತ್ತದೆ.

ತಟ್ಟೆಯ ನೀರು

ಎರಡನೆಯ ಭದ್ರತೆ ನೀರಿನದು. ಡೆಂಗಿ ಮತ್ತು ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ಮನೆಯ ಸುತ್ತಲಿನ ತಿಳಿನೀರನ್ನು ಅರಸುತ್ತದೆ. ಕುಂಡದಡಿಯ ತಟ್ಟೆ ಅದಕ್ಕೆ ಅಚ್ಚುಮೆಚ್ಚು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ಎಂಟು ಹತ್ತು ದಿನಗಳು ಸಾಕು. ಆದುದರಿಂದ ವಾರಕ್ಕೊಮ್ಮೆ ತಟ್ಟೆಗಳನ್ನು ಬರಿದು ಮಾಡಬೇಕೆಂಬ ನಿಯಮ ಹುಟ್ಟಿದೆ. ಆದರೆ ನೀರು ಚೆಲ್ಲಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಈಡಿಸ್ ಮೊಟ್ಟೆಗಳು ತಟ್ಟೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ ಸ್ಥಿತಿಯಲ್ಲಿಯೂ ಬದುಕಿದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ಹೀಗಾಗಿ ತೆಂಗಿನ ಸಿಪ್ಪೆಯಿಂದ ತಟ್ಟೆಯನ್ನು ಉಜ್ಜಿ ತೊಳೆಯುವುದು ಅಗತ್ಯ. ತಟ್ಟೆ ಬೇಕೇ ಬೇಕೆಂದಾದರೆ ಅದನ್ನು ದಪ್ಪ ಮರಳಿನಿಂದ ತುಂಬಿಬಿಡಬಹುದು. ಆಗ ತೇವವಿರುತ್ತದೆ, ನಿಂತ ನೀರಿರುವುದಿಲ್ಲ. ಅಂಗಳದ ಕುಂಡಗಳಿಗೆ ತಟ್ಟೆಯೇ ಬೇಡ.

ಈ ಸೊಳ್ಳೆ ಹೆಚ್ಚು ದೂರ ಹಾರುವುದಿಲ್ಲ. ಕಚ್ಚಿದ ಸೊಳ್ಳೆಯ ತವರುಮನೆ ತನ್ನ ಅಂಗಳವಾಗಿರಬಹುದು ಅಥವಾ ನೆರೆಯವರ ಅಂಗಳವಾಗಿರಬಹುದು. ಆದುದರಿಂದ ಇದು ಒಬ್ಬರಿಂದ ಆಗುವ ಕೆಲಸವಲ್ಲ, ಕೇರಿಯ ಕೆಲಸ. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಎಡೆಮಾಡಿಕೊಟ್ಟ ಮನೆಯವರಿಗೂ ದಂಡ ವಿಧಿಸುವ ನಿಯಮವನ್ನು ತಂದಿತು. ದಂಡದ ಭಯಕ್ಕಿಂತ ಕೇರಿಯ ಒಪ್ಪಂದ ಹೆಚ್ಚು ಫಲಕಾರಿ. ವಾರದ ಒಂದು ನಿಶ್ಚಿತ ದಿನ ಎಲ್ಲ ಮನೆಗಳವರೂ ತಟ್ಟೆ, ತೊಟ್ಟಿ, ಒಡೆದ ಮಡಕೆ, ಹಳೆಯ ಟೈರುಗಳನ್ನು ಒಣಗಿಸುವ ರೂಢಿಯನ್ನು ಶಾಲೆಯ ಮಕ್ಕಳೇ ಆರಂಭಿಸಬಹುದು.

ಮಣ್ಣು ಮತ್ತು ಪಾತ್ರೆ

ಕುಂಡದ ಪಾತ್ರೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಹತ್ತಿ, ಶುಂಠಿ, ತಂಬಾಕು ಬೆಳೆಯುವ ಊರುಗಳಲ್ಲಿ ಕೀಟನಾಶಕದ ಖಾಲಿ ಡಬ್ಬಗಳಿಗೆ ಕೊರತೆಯಿಲ್ಲ. ಅವನ್ನು ಕತ್ತರಿಸಿ ಬಣ್ಣ ಬಳಿದು ಕುಂಡ ಮಾಡುವುದು ಅಪಾಯಕರ. ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿನೊಳಗೆ ಹೀರಿಕೊಂಡ ವಿಷ ಪೂರ್ತಿಯಾಗಿ ಹೋಗುವುದಿಲ್ಲ. ಅಂತಹ ಡಬ್ಬದಲ್ಲಿ ಕೊತ್ತಂಬರಿ, ಪುದೀನ ಬೆಳೆದು ಅಡುಗೆಗೆ ಬಳಸುವುದಂತೂ ತೀರ ಅವಿವೇಕ.

ಕುಂಬಾರರ ಮಣ್ಣಿನ ಕುಂಡವೇ ಎಲ್ಲಕ್ಕಿಂತ ಉತ್ತಮ. ಅದರ ಗೋಡೆಯ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗುವುದರಿಂದ ಬೇರು ತಂಪಾಗಿರುತ್ತದೆ, ಗಾಳಿಯೂ ಆಡುತ್ತದೆ. ಪ್ಲಾಸ್ಟಿಕ್ ಕುಂಡಕ್ಕಿಂತ ಭಾರವಾದುದರಿಂದ ಗಾಳಿಗೂ ನಿಲ್ಲುತ್ತದೆ. ಹೊಸ ಕುಂಡವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಳಸಬೇಕು, ಇಲ್ಲವಾದರೆ ಅದು ಮಣ್ಣಿನ ತೇವವನ್ನೇ ಹೀರಿಕೊಳ್ಳುತ್ತದೆ. ತಳದ ರಂಧ್ರದ ಮೇಲೆ ಒಂದು ಬೋಕಿಯನ್ನು ಕವುಚಿ ಹಾಕಿದರೆ ಸಾಕು. ತಳಕ್ಕೆ ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆಯಲ್ಲಿ ಹುರುಳಿಲ್ಲ. ನಯವಾದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯದೆ, ಮಣ್ಣಿನ ಕೆಳಪದರದಲ್ಲಿಯೇ ನಿಂತು ಬೇರು ಕೊಳೆಯುತ್ತದೆ.

ಎರಡು ಭಾಗ ಕೆಮ್ಮಣ್ಣು, ಒಂದು ಭಾಗ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಭಾಗ ಮರಳು, ಇಷ್ಟೇ ಸಾಕು. ತಾರಸಿಯ ಕುಂಡಕ್ಕೆ ಮರಳಿನ ಬದಲು ತೆಂಗಿನ ನಾರಿನ ಪುಡಿ ಬೆರೆಸಿದರೆ ಭಾರ ಇಳಿಯುತ್ತದೆ. ಆದರೆ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ತಂಬಾಕಿನ ಸಸಿ ಬೆಳೆಸಿದ ಟ್ರೇಗಳಲ್ಲಿ ಉಳಿದ ನಾರಿನ ಪುಡಿಯನ್ನು ಟೊಮೆಟೊ, ಮೆಣಸಿನ ಕುಂಡಗಳಿಗೆ ಹಾಕಬಾರದು. ತಂಬಾಕು, ಟೊಮೆಟೊ, ಮೆಣಸು ಒಂದೇ ಕುಟುಂಬದವು, ತಂಬಾಕಿನ ನಂಜುರೋಗದ ವೈರಾಣು ಒಣಗಿದ ಬೇರು ಎಲೆಗಳ ಚೂರಿನಲ್ಲಿಯೂ ಉಳಿದುಕೊಳ್ಳುತ್ತದೆ. ರೋಗ ಬಿದ್ದ ಶುಂಠಿ ಹೊಲದ ಮಣ್ಣಿಗೂ ಇದೇ ಮಾತು ಅನ್ವಯಿಸುತ್ತದೆ.

ಕುಂಡದಿಂದ ಕಾಡಿಗೆ

ಇನ್ನು ಮೂರನೆಯ ಭದ್ರತೆ. ನಾಗರಹೊಳೆಯ ಅಂಚಿನಲ್ಲಿ ಓಡಾಡುವವರಿಗೆ ಲಂಟಾನದ ಪೊದೆಗಳನ್ನು ಪರಿಚಯಿಸಬೇಕಾಗಿಲ್ಲ. ಅದು ಕಾಡಿನದೇ ಗಿಡವೆಂದು ತಿಳಿದಿರುವ ಮಕ್ಕಳು ಬಹಳ ಮಂದಿ. ವಸ್ತುಸ್ಥಿತಿ ಬೇರೆಯೇ ಆಗಿದೆ. ಲಂಟಾನ ಅಮೆರಿಕ ಖಂಡದ ಉಷ್ಣವಲಯದ ಗಿಡ. ಗುಂಪುಗುಂಪಾಗಿ ಬಣ್ಣ ಬದಲಿಸುವ ಅದರ ಹೂವಿಗೆ ಮಾರುಹೋಗಿ ಯುರೋಪಿನವರು ಅದನ್ನು ಉದ್ಯಾನದ ಗಿಡವನ್ನಾಗಿ ಮಾಡಿದರು. 19ನೆಯ ಶತಮಾನದ ಆರಂಭದಲ್ಲಿ ಅದು ಭಾರತಕ್ಕೆ ಬಂದದ್ದೂ ಅಲಂಕಾರಕ್ಕಾಗಿ, ಬೇಲಿಗಾಗಿ. ಅದರ ಕಪ್ಪು ಹಣ್ಣನ್ನು ಪಿಕಳಾರ ಮೊದಲಾದ ಹಕ್ಕಿಗಳು ತಿಂದು ಬೀಜವನ್ನು ದೂರದೂರಕ್ಕೆ ಹರಡಿದವು. ಬೇಲಿಯಿಂದ ಬೀಳುನೆಲಕ್ಕೆ, ಬೀಳುನೆಲದಿಂದ ಕಾಡಿಗೆ ಅದು ನಡೆದ ದಾರಿ ಹೀಗಿದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ ಹುಲಿಗಳಿರುವ ಕಾಡುಗಳ 40ಕ್ಕೂ ಹೆಚ್ಚು ಶೇಕಡ ಭಾಗವನ್ನು, ಎಂದರೆ ಒಂದೂವರೆ ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕಿದ ನೆಲವನ್ನು ಲಂಟಾನ ಆಕ್ರಮಿಸಿದೆ. ತೀವ್ರವಾಗಿ ಪೀಡಿತವಾದ ಪ್ರದೇಶಗಳಲ್ಲಿ ಪಶ್ಚಿಮಘಟ್ಟದ ದಕ್ಷಿಣ ಭಾಗವೂ ಒಂದು.

ಇದರ ಪರಿಣಾಮ ಪುಸ್ತಕದ ಮಾತಲ್ಲ. ಲಂಟಾನದ ಕೆಳಗೆ ಹುಲ್ಲು ಬೆಳೆಯದು. ಹುಲ್ಲಿಲ್ಲದೆಡೆ ಕಾಟಿ, ಜಿಂಕೆಗಳಿಗೆ ಮೇವಿಲ್ಲ. ಹಸಿವು ತಾಳದೆ ಅದರ ಎಲೆ ತಿಂದ ದನಕರುಗಳಿಗೆ ಕಾಮಾಲೆ ತಗುಲಿ ಚರ್ಮ ಸುಲಿಯುತ್ತದೆ. ಹೆಗ್ಗಡದೇವನಕೋಟೆ, ಹುಣಸೂರುಗಳ ಜೇನುಕುರುಬ, ಬೆಟ್ಟಕುರುಬ ಕುಟುಂಬಗಳು ಗೆಡ್ಡೆಗೆಣಸುಗಳನ್ನು ಅಗೆಯುತ್ತಿದ್ದ ನೆಲವನ್ನು ಪೊದೆ ಮುಚ್ಚಿದೆ. ದಟ್ಟ ಪೊದೆಯ ಆಚೆ ನಿಂತ ಆನೆ ಹತ್ತು ಹೆಜ್ಜೆಯ ದೂರದಲ್ಲಿದ್ದರೂ ದಾರಿಹೋಕನಿಗೆ ಕಾಣಿಸುವುದಿಲ್ಲ. ಒಂದು ಕಾಲದ ಹೂದೋಟದ ಗಿಡವು ಹೀಗೆ ಕಾಡಿನ ಮೇವಿನ, ಆದಿವಾಸಿಗಳ ಆಹಾರದ, ಮನುಷ್ಯರ ಪ್ರಾಣದ ಪ್ರಶ್ನೆಯಾಗಿ ಪರಿಣಮಿಸಿದೆ.

ಲಂಟಾನದ ಕಥೆ ಹಳೆಯದೆಂದು ಕೈಬಿಡುವಂತಿಲ್ಲ. ಅದೇ ಕಥೆಯ ಎರಡನೆಯ ಅಧ್ಯಾಯ ಈಗ ನಡೆಯುತ್ತಿದೆ. ಉಷ್ಣವಲಯದ ಅಮೆರಿಕದಿಂದಲೇ ಬಂದ ‘ಸೆನ್ನಾ ಸ್ಪೆಕ್ಟಾಬಿಲಿಸ್’ ಎಂಬ ಹಳದಿ ಹೂವಿನ ಮರವನ್ನು ನೆರಳಿಗಾಗಿ, ಅಂದಕ್ಕಾಗಿ ನೆಡಲಾಯಿತು. ನೆರೆಯ ವಯನಾಡಿನಲ್ಲಿ ಅದು ಕಾಡನ್ನು ವ್ಯಾಪಿಸಿದ್ದು, ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮುದುಮಲೆಗಳಲ್ಲಿಯೂ ನೆಲೆಯೂರಿದೆ. ಕಡಿದರೆ ಬುಡದಿಂದ ಹತ್ತಾರು ಚಿಗುರು ಒಡೆಯುತ್ತದೆ, ಬಿದ್ದ ಬೀಜಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಜೀವಂತವಾಗಿರುತ್ತವೆ. ಇದನ್ನು ಈ ನೆಲದ ಕಕ್ಕೆ ಮರದೊಡನೆ ಗೊಂದಲ ಮಾಡಿಕೊಳ್ಳುವವರಿದ್ದಾರೆ. ಕಕ್ಕೆಯ ಹೂಗೊಂಚಲು ಸರದಂತೆ ಕೆಳಕ್ಕೆ ಇಳಿಬೀಳುತ್ತದೆ, ಸೆನ್ನಾದ ಗೊಂಚಲು ಕೊಂಬೆಯ ತುದಿಯಲ್ಲಿ ಮೇಲ್ಮುಖವಾಗಿ ನಿಲ್ಲುತ್ತದೆ. ವಿದ್ಯಾರ್ಥಿಗಳು ಈ ಒಂದು ಗುರುತನ್ನು ನೆನಪಿಟ್ಟರೆ ತಮ್ಮೂರಿನ ಸಸಿಗಳನ್ನು ಬೇರ್ಪಡಿಸಬಲ್ಲರು.

ಕೃಷ್ಣರಾಜನಗರದ ಬಯಲಿಗೆ ಕಾಡಿನ ಅಂಚಿಲ್ಲ, ಆದರೆ ನೀರಿನ ಅಂಚಿದೆ. ನೀಲಿ ಹೂವಿನ ಜಲಕಳೆಯನ್ನು ಕೆಲವೆಡೆ ಅಂತರಗಂಗೆಯೆಂದೂ ಕರೆಯುತ್ತಾರೆ. ದಕ್ಷಿಣ ಅಮೆರಿಕದ ಆ ಗಿಡವು 19ನೆಯ ಶತಮಾನದ ಕೊನೆಗೆ ಭಾರತಕ್ಕೆ ಬಂದದ್ದು ಅದರ ಹೂವಿನ ಸೊಬಗಿನಿಂದಲೇ. ಅನುಕೂಲ ಹವೆಯಲ್ಲಿ ಎರಡು ವಾರಗಳಲ್ಲಿ ಅದು ಇಮ್ಮಡಿಯಾಗುತ್ತದೆ. ಅಂಗಳದ ತೊಟ್ಟಿಯಲ್ಲಿ ಚೆಂದಕ್ಕೆಂದು ಬಿಟ್ಟು, ಹೆಚ್ಚಾದಾಗ ಕೆರೆಗೋ ಕಾಲುವೆಗೋ ಎಸೆದವರು ತಾವು ಮಾಡಿದ್ದೇನೆಂಬುದನ್ನು ಅರಿತಿರುವುದಿಲ್ಲ. ನಾಲೆಯ ನೀರು ಅದನ್ನು ಮುಂದಿನ ಊರಿಗೆ ಒಯ್ಯುತ್ತದೆ. ನೆಲಕ್ಕೆ ಹಾಸಿಕೊಂಡು ಬೆಳೆಯುವ ಹಳದಿ ಹೂವಿನ ವೆಡೇಲಿಯ ಬಳ್ಳಿಯದೂ ಇದೇ ಸ್ವಭಾವ. ಗೆಣ್ಣಿನ ಒಂದು ತುಂಡು ತೇವದ ದಂಡೆಗೆ ಬಿದ್ದರೂ ಬೇರೂರುತ್ತದೆ.

ಹೊರನಾಡಿನದು ಎಂಬುದೇ ದೋಷವಲ್ಲ. ಚೆಂಡುಹೂ, ಡೇಲಿಯ, ಮೆಣಸಿನಕಾಯಿ, ಟೊಮೆಟೊ, ಇವೆಲ್ಲವೂ ಸಮುದ್ರ ದಾಟಿ ಬಂದವೇ. ಅವು ಮನುಷ್ಯನ ಆರೈಕೆಯಿಲ್ಲದೆ ಕಾಡನ್ನು ಗೆಲ್ಲಲಾರವು. ಪರಕೀಯತೆಗಿಂತ ಗಿಡದ ಸ್ವಭಾವವನ್ನು ಪರೀಕ್ಷಿಸಬೇಕು. ಅದಕ್ಕೆ ಮೂರು ಪ್ರಶ್ನೆಗಳು ಸಾಕು. ಈ ಗಿಡದ ಹಣ್ಣನ್ನು ಹಕ್ಕಿ ತಿನ್ನುತ್ತದೆಯೇ? ಇದರ ಬೀಜ ಗಾಳಿಯಲ್ಲಿ ಹಾರುತ್ತದೆಯೇ ಅಥವಾ ಸಾವಿರಗಟ್ಟಲೆ ಉದುರುತ್ತದೆಯೇ? ಇದರ ಮುರಿದ ತುಂಡು ತಾನಾಗಿ ಬೇರೂರುತ್ತದೆಯೇ? ಮೂರಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಆತಂಕಕ್ಕೆ ಹೆಚ್ಚಿನ ಕಾರಣವಿಲ್ಲ. ಒಂದಕ್ಕೆ ‘ಹೌದು’ ಎಂದಾದರೂ ಎಚ್ಚರ ಬೇಕು: ಹೂ ಬಾಡಿದೊಡನೆ, ಕಾಯಿ ಬಲಿಯುವ ಮೊದಲೇ ಕತ್ತರಿಸಬೇಕು. ಸವರಿದ ಕೊಂಬೆಗಳನ್ನು ಹಳ್ಳದ ದಂಡೆಗಾಗಲಿ ಕಾಡಿನ ಅಂಚಿಗಾಗಲಿ ಎಸೆಯದೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಹೊರನಾಡಿನ ಗಿಡವೊಂದರ ವಿಷಯದಲ್ಲಿ ಎರಡು ‘ಹೌದು’ಗಳು ಬಂದರೆ ಆ ಗಿಡವನ್ನು ಕಾಡಂಚಿನ ಊರಿನವರು ಕೊಳ್ಳದಿರುವುದೇ ವಿವೇಕ. ಸಸ್ಯಾಗಾರಗಳಲ್ಲಿ ಇಂದಿಗೂ ಲಂಟಾನದ ಬಣ್ಣಬಣ್ಣದ ಕುಳ್ಳ ತಳಿಗಳು ಮಾರಾಟವಾಗುತ್ತಿವೆ. ಅವು ಬೀಜ ಕಟ್ಟುವುದಿಲ್ಲವೆಂಬ ಭರವಸೆಯನ್ನು ಪೂರ್ತಿ ನಂಬುವಂತಿಲ್ಲ. ಅವುಗಳ ಪರಾಗ ಕಾಡು ಲಂಟಾನಕ್ಕೆ ತಲುಪುವ ಸಾಧ್ಯತೆಯೂ ಇದೆ.

ಕಾಡಿನಿಂದ ಕುಂಡಕ್ಕೆ

ಈ ದಾರಿಗೆ ಎದುರು ದಿಕ್ಕಿನ ಸಂಚಾರವೂ ಉಂಟು. ಮರಗಳ ಮೇಲೆ ಬೆಳೆಯುವ ಸೀತಾಳೆ ದಂಡೆ ಮೊದಲಾದ ಆರ್ಕಿಡ್‌ಗಳನ್ನು ಮಳೆಗಾಲದಲ್ಲಿ ಕಿತ್ತು ತಂದು ಪೇಟೆಯಲ್ಲಿ ಮಾರುವುದು, ಕುಂಡಕ್ಕೆಂದು ಕಾಡಿನ ಕರಿಮಣ್ಣನ್ನು ಚೀಲಗಟ್ಟಲೆ ತರಿಸುವುದು, ಜರಿಗಿಡ, ಪಾಚಿಗಳನ್ನು ಕೆರೆದು ಒಯ್ಯುವುದು ನಡೆದೇ ಇದೆ. ಆರ್ಕಿಡ್ಡಿನ ಬೇರಿಗೆ ಅಂಟಿದ ಶಿಲೀಂಧ್ರದ ನೆರವಿಲ್ಲದೆ ಅದರ ಬೀಜ ಮೊಳೆಯದು. ಕಿತ್ತು ತಂದ ಗಿಡಗಳು ಬಹುಪಾಲು ಒಂದೆರಡು ಬೇಸಗೆಗಳಲ್ಲಿ ಸಾಯುತ್ತವೆ, ಕಾಡಿನ ಮರವೂ ಬರಿದಾಗುತ್ತದೆ. ರಾಷ್ಟ್ರೀಯ ಉದ್ಯಾನದೊಳಗಿಂದ ಗಿಡವನ್ನು ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಅಪರಾಧ. ಇಲ್ಲಿ ದೋಷವನ್ನು ಆದಿವಾಸಿಗಳ ಮೇಲೆ ಹೊರಿಸುವುದು ಅನ್ಯಾಯ. ಜೀವನಾಧಾರಕ್ಕಾಗಿ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಮಾನ್ಯ ಮಾಡಿದೆ. ಕಾಡನ್ನು ಬರಿದು ಮಾಡುವುದು ಪೇಟೆಯ ಅಲಂಕಾರದ ಬೇಡಿಕೆ. ಕೊಳ್ಳುವವರು ನಿಂತರೆ ಕೀಳುವವರೂ ನಿಲ್ಲುತ್ತಾರೆ.

ಕಾಡಿನ ಮಣ್ಣಿಗೆ ಬದಲಾಗಿ ಹಿತ್ತಲಿನ ತರಗೆಲೆಯನ್ನು ಗುಂಡಿಯಲ್ಲಿ ಕೊಳೆಸಿದ ಎಲೆಗೊಬ್ಬರವೇ ಸಾಕು. ಅಲಂಕಾರಕ್ಕೆ ಈ ನೆಲದ ಗಿಡಗಳಿಗೆ ಬರವಿಲ್ಲ: ವರ್ಷವಿಡೀ ಹೂ ಬಿಡುವ ಕೇಪಳ, ನೆರಳನ್ನೂ ತಾಳುವ ಕನಕಾಂಬರ, ನೀಲಿಯ ಸ್ಫಟಿಕದ ಹೂ, ಮೈಸೂರಿನ ಹೆಸರನ್ನೇ ಹೊತ್ತ ಮಲ್ಲಿಗೆ, ಒದ್ದೆ ಮೂಲೆಗೆ ಒಂದೆಲಗ, ಬಿಸಿಲಿನ ಮೂಲೆಗೆ ಲಾವಂಚ. ಇವುಗಳಲ್ಲಿ ಹಲವು ಮುಡಿಗೂ ಮದ್ದಿಗೂ ಒದಗುತ್ತವೆ.

ಲಂಟಾನವನ್ನೇ ಕುಂಡದ ಸೇವೆಗೆ ಹಚ್ಚುವ ದಾರಿಯೂ ಇದೆ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಗಳನ್ನು ಬೇಯಿಸಿ, ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿಗಳನ್ನು ಮಾಡುತ್ತಾರೆ. ನೀಲಗಿರಿಯ ಆದಿವಾಸಿ ಕುಶಲಕರ್ಮಿಗಳು ಲಂಟಾನದಿಂದ ಹೆಣೆದ ಆಳೆತ್ತರದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ಪ್ರದರ್ಶನಗೊಂಡವು. ಕು೦ಡಗಳನ್ನು ನಿಲ್ಲಿಸುವ ಅಗಲ ತಳದ ಪೀಠ, ಗಿಡಕ್ಕೆ ಆಸರೆಯಾಗುವ ಚೌಕಟ್ಟುಗಳನ್ನು ಹೆಣೆಯಲು ಅಷ್ಟೊಂದು ನೈಪುಣ್ಯವೂ ಬೇಕಿಲ್ಲ. ಊರಿನ ಬೇಲಿಯ ಲಂಟಾನವನ್ನು ಕಾಯಿ ಕಟ್ಟುವ ಮೊದಲೇ ಬೇರುಸಹಿತ ಕಿತ್ತು, ಕಡ್ಡಿಯನ್ನು ಕೆಲಸಕ್ಕೆ ಬಳಸಿದರೆ ಒಂದೇ ಶ್ರಮದಿಂದ ಎರಡು ಪ್ರಯೋಜನಗಳು ದೊರೆಯುತ್ತವೆ.

ಮಾಡಬೇಕಾದ ಕೆಲಸ

ಈ ಮಾತುಗಳು ಸಭೆಯಲ್ಲಿಯೇ ಮುಗಿಯಬಾರದು. ಪ್ರತಿ ಶಾಲೆಯ ವಿದ್ಯಾರ್ಥಿಗಳು ಒಂದು ಭಾನುವಾರ ತಮ್ಮ ಕೇರಿಯ ಕುಂಡಗಳನ್ನು ಎಣಿಸಿ, ಪುಸ್ತಕದಲ್ಲಿ ನಾಲ್ಕು ಅಂಕಣಗಳನ್ನು ತುಂಬಲಿ: ಗಿಡದ ಹೆಸರು, ಕುಂಡ ಭದ್ರವಾಗಿದೆಯೇ, ತಟ್ಟೆಯಲ್ಲಿ ನೀರಿದೆಯೇ, ಮೂರು ಪ್ರಶ್ನೆಗಳಿಗೆ ಉತ್ತರವೇನು. ಹೆಸರು ತಿಳಿಯದ ಗಿಡಗಳನ್ನು ಹಿರಿಯರಿಗೆ, ಅಧ್ಯಾಪಕರಿಗೆ, ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ ಗುರುತಿಸಿಕೊಳ್ಳಲಿ. ಹಾಡಿಗಳ ಹಿರಿಯರನ್ನು ಕೇಳಿದರೆ, ತಮ್ಮ ಬಾಲ್ಯದಲ್ಲಿ ಕಾಡಿನಲ್ಲಿ ಇಲ್ಲದೆ ಈಗ ಎಲ್ಲೆಲ್ಲೂ ಕಾಣುವ ಗಿಡಗಳ ಪಟ್ಟಿಯನ್ನೇ ಕೊಡಬಲ್ಲರು. ಮುಂದಿನ ಮುಂಗಾರಿನಲ್ಲಿ ಮತ್ತೆ ಎಣಿಸಿದರೆ ಬದಲಾವಣೆ ತಿಳಿಯುತ್ತದೆ.

ಎರಡು ನೂರು ವರ್ಷಗಳ ಹಿಂದೆ ಲಂಟಾನವನ್ನು ತಂದವರಿಗೆ ಅದರ ಪರಿಣಾಮ ತಿಳಿದಿರಲಿಲ್ಲ. ಅವರನ್ನು ದೂಷಿಸಿ ಫಲವಿಲ್ಲ. ಇಂದಿನವರಿಗೆ ತಿಳಿದಿದೆ. ಕಾಡಿನೊಳಗೆ ಹಬ್ಬಿದ ಕಳೆಯನ್ನು ಕೀಳಲು ಕೋಟಿಗಟ್ಟಲೆ ಹಣ, ಸಾವಿರಾರು ಆಳುಗಳು ಬೇಕು. ಅಂಗಳದ ಕುಂಡದಲ್ಲಿ ಅದನ್ನು ತಡೆಯಲು ಒಂದು ಕತ್ತರಿ ಮತ್ತು ವಾರದಲ್ಲಿ ಅರ್ಧ ಗಂಟೆ ಸಾಕು.